ಮುರಿದ ಮೂಳೆ ಕೂಡುವ ಬಗೆ

(ಕುಂದೂರಿನ ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.)

ಕೈಯನ್ನೋ ಕಾಲನ್ನೋ ಮುರಿದುಕೊಂಡವರಿಲ್ಲದ ಊರು ಎಲ್ಲಿಯೂ ಇರಲಾರದು. ಅದರಲ್ಲಿಯೂ ಆಲೂರು, ಸಕಲೇಶಪುರದ ಮಲೆಸೀಮೆಯಲ್ಲಿ ಇದು ಪ್ರತಿ ವರ್ಷವೂ ತಪ್ಪದೆ ಬರುವ ಸಂಕಟ. ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿ ಕಟ್ಟುತ್ತದೆ. ಮುದುಕರು ಜಾರಿ ಬೀಳುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಸಿಲ್ವರ್ ಮರಗಳಿಗೆ ಏಣಿ ಒರಗಿಸಿ ಮೆಣಸು ಕುಯ್ಯುವ ಕಾಲ. ಏಣಿ ಜಾರಿ ಆಳುಗಳು ಬೀಳುವುದುಂಟು. ಕಾಡಾನೆ ಬಂತೆಂದು ಓಡುವಾಗ ಬಿದ್ದವರುಂಟು. ಘಟ್ಟದ ತಿರುವುಗಳಲ್ಲಿ ಮೋಟಾರು ಸೈಕಲ್ಲಿನಿಂದ ಬೀಳುವ ತರುಣರ ಪಾಡನ್ನಂತೂ ಹೇಳತೀರದು. ಬಿದ್ದವರಿಗೆ ಕಟ್ಟು ಕಟ್ಟುತ್ತಾರೆ. ಆರು ವಾರವೋ ಮೂರು ತಿಂಗಳೋ ಕಳೆದ ಮೇಲೆ ಅದನ್ನು ಬಿಚ್ಚುತ್ತಾರೆ. ಮೂಳೆ ಕೂಡಿರುತ್ತದೆ.

ಆ ಕಟ್ಟಿನೊಳಗೆ ಅಷ್ಟು ದಿನ ನಡೆದುದೇನು? ಮೂಳೆಯನ್ನು ಕೂಡಿಸಿದವರು ಯಾರು? ಕಟ್ಟಿದವರೆ, ಸೊಪ್ಪಿನ ರಸವೆ, ಒಳಗೆ ಇಟ್ಟ ಉಕ್ಕಿನ ಕಡ್ಡಿಯೆ, ಅಥವಾ ಮೂಳೆ ತಾನೇ ಕೂಡಿತೆ? ಈ ಪ್ರಶ್ನೆಗಳಿಗೆ ವೈದ್ಯರು ಕಂಡುಕೊಂಡ ಉತ್ತರಗಳನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ. ಇತಿಹಾಸವನ್ನೂ ಕನ್ನಡವನ್ನೂ ಓದುತ್ತಿರುವ ನಾನು ಶಸ್ತ್ರವೈದ್ಯದ ಮಾತೆತ್ತುವುದು ಅಧಿಕಪ್ರಸಂಗವೆಂದು ಗುರುಗಳಿಗೆ ತೋರಬಹುದು. ಆದರೆ ಈ ವಿಷಯಕ್ಕೂ ಒಂದು ಇತಿಹಾಸವಿದೆ. ಅದರಲ್ಲಿ ನಮ್ಮ ಕರಾವಳಿಯ ಕಡೆಯ ಒಬ್ಬ ಶಸ್ತ್ರವೈದ್ಯರಿಗೆ ಗೌರವದ ಸ್ಥಾನವಿದೆ. ಅದನ್ನು ತಿಳಿಯದೆ ಹೋದರೆ ಆಗುವ ಹಾನಿಯನ್ನು ನನ್ನಂಥವರ ಮನೆಗಳು ಚೆನ್ನಾಗಿ ಬಲ್ಲವು.

ಮೂಳೆ ಎಂಬುದು ಜೀವವಸ್ತು

ಸುಟ್ಟ ಮೇಲೂ ಉಳಿಯುವ, ಮಣ್ಣಿನಲ್ಲಿ ಹೂತರೂ ಬಹುಕಾಲ ಕರಗದ ಮೂಳೆಯನ್ನು ಕಂಡು ನಾವು ಅದನ್ನು ಕಲ್ಲಿನಂಥ ಜಡವಸ್ತುವೆಂದು ಭಾವಿಸುತ್ತೇವೆ. ಇದು ಸರಿಯಲ್ಲ. ದೊಡ್ಡವರ ದೇಹದಲ್ಲಿ ಸಾಮಾನ್ಯವಾಗಿ ೨೦೬ ಮೂಳೆಗಳಿವೆ. ಪ್ರತಿಯೊಂದರೊಳಗೂ ರಕ್ತ ಹರಿಯುತ್ತದೆ. ಜೀವಕೋಶಗಳು ಹಗಲಿರುಳು ದುಡಿಯುತ್ತವೆ. ಒಂದು ಬಗೆಯ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತ ಹೋದರೆ, ಇನ್ನೊಂದು ಬಗೆಯವು ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತ ಬರುತ್ತವೆ. ಹೀಗೆ ವರ್ಷವೊಂದಕ್ಕೆ ಅಸ್ಥಿಪಂಜರದ ಸುಮಾರು ನೂರಕ್ಕೆ ಹತ್ತು ಭಾಗ ಹೊಸದಾಗುತ್ತದೆಂದು ಲೆಕ್ಕ ಹಾಕಿದ್ದಾರೆ.

ಮೂಳೆಯ ರಚನೆಯನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕೋಳಿಯ ಒಂದು ಸಣ್ಣ ಮೂಳೆಯನ್ನು ಕೆಲವು ದಿನ ವಿನಿಗರಿನಲ್ಲಿ ನೆನೆಸಿಟ್ಟರೆ ಸುಣ್ಣದ ಅಂಶ ಕರಗಿ, ಅದು ರಬ್ಬರಿನಂತೆ ಬಾಗುತ್ತದೆ. ಇನ್ನೊಂದನ್ನು ಬೆಂಕಿಯಲ್ಲಿ ಸುಟ್ಟರೆ ನಾರಿನ ಅಂಶ ಹೋಗಿ, ಮುಟ್ಟಿದರೆ ಪುಡಿಯಾಗುತ್ತದೆ. ಸುಣ್ಣ ಗಟ್ಟಿತನವನ್ನೂ ನಾರು ಬಾಗುವ ಗುಣವನ್ನೂ ಕೊಡುತ್ತವೆ. ಮುರಿದ ಮೂಳೆ ಕೂಡಬೇಕಾದರೆ ಮೊದಲು ನಾರು ಹುಟ್ಟಬೇಕು, ಅನಂತರ ಅದರಲ್ಲಿ ಸುಣ್ಣ ತುಂಬಬೇಕು.

ಈ ಕೆಲಸ ನಡೆಯುವ ಕ್ರಮವನ್ನು ಕೆರೆಯ ಏರಿ ಒಡೆದಾಗ ಊರವರು ಮಾಡುವ ಕೆಲಸಕ್ಕೆ ಹೋಲಿಸಬಹುದು. ಏರಿ ಒಡೆದ ಕೂಡಲೆ ಕೈಗೆ ಸಿಕ್ಕಿದ ಸೊಪ್ಪು, ಮುಳ್ಳು, ಮರಳಿನ ಚೀಲಗಳನ್ನು ಹಾಕಿ ನೀರನ್ನು ತಡೆಯುತ್ತಾರೆ. ಆಮೇಲೆ ಜೇಡಿಮಣ್ಣು ತುಂಬುತ್ತಾರೆ. ಅದು ಕುಳಿತ ಮೇಲೆ ದಮ್ಮಸ್ಸು ಮಾಡಿ, ಕೊನೆಗೆ ಕಲ್ಲು ಕಟ್ಟುತ್ತಾರೆ. ಮೂಳೆಯಲ್ಲಿಯೂ ಹಾಗೆಯೇ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಊತ ಬರುತ್ತದೆ, ಆ ಊತದಲ್ಲಿಯೇ ಕೆಲಸಗಾರ ಕೋಶಗಳು ಬಂದು ಸೇರುತ್ತವೆ. ಎರಡು ಮೂರು ವಾರಗಳಲ್ಲಿ ಎರಡು ತುದಿಗಳ ಸುತ್ತ ಮೆತ್ತನೆಯ ಗಂಟೊಂದು ಬೆಳೆಯುತ್ತದೆ. ಅದು ನಾರು ಮತ್ತು ಮೃದ್ವಸ್ಥಿಯಿಂದಾದದ್ದು. ಮುಂದಿನ ವಾರಗಳಲ್ಲಿ ಅದರಲ್ಲಿ ಸುಣ್ಣ ತುಂಬಿ ಗಂಟು ಗಟ್ಟಿಯಾಗುತ್ತದೆ. ಆಗಲೇ ವೈದ್ಯರು ಮೂಳೆ ಕೂಡಿತೆನ್ನುವುದು. ಆದರೆ ದೇಹದ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಬೇಡದ ಉಬ್ಬನ್ನು ಕರಗಿಸಿ, ಭಾರ ಬೀಳುವೆಡೆಯಲ್ಲಿ ಬಲಪಡಿಸಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಿದ್ದುತ್ತಲೇ ಇರುತ್ತದೆ. ಚರ್ಮದ ಗಾಯ ಮಾಯ್ದರೆ ಕಲೆ ಉಳಿಯುತ್ತದೆ; ಚೆನ್ನಾಗಿ ಕೂಡಿದ ಮೂಳೆಯಲ್ಲಿ ಕಲೆಯ ಬದಲು ನಿಜವಾದ ಮೂಳೆಯೇ ಬೆಳೆದಿರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಮುರಿದ ತುದಿಗಳು ಎಷ್ಟು ಅಲುಗಾಡಬಹುದು? ಸ್ವಿಟ್ಜರ್ಲೆಂಡಿನ ಸ್ಟೀಫನ್ ಪೆರೆನ್ ಎಂಬ ವೈದ್ಯರು ಇದನ್ನು ಲೆಕ್ಕದಲ್ಲಿ ವಿವರಿಸಿದರು. ಮೊದಲು ಹುಟ್ಟುವ ಮೆತ್ತನೆಯ ಅಂಗಾಂಶವು ತನ್ನ ಉದ್ದದ ನೂರಕ್ಕೆ ನೂರರಷ್ಟು ಎಳೆತವನ್ನು ತಾಳಬಲ್ಲುದು. ಮೃದ್ವಸ್ಥಿ ತಾಳುವುದು ನೂರಕ್ಕೆ ಸುಮಾರು ೧೦ರಷ್ಟನ್ನು. ಮೂಳೆಯಾದರೋ ನೂರಕ್ಕೆ ೨ರಷ್ಟನ್ನು ಮಾತ್ರ. ಎಂದರೆ ತುದಿಗಳು ವಿಪರೀತ ಅಲುಗುತ್ತಿದ್ದರೆ ಅಲ್ಲಿ ನಾರು ಹುಟ್ಟೀತು, ಮೂಳೆ ಹುಟ್ಟಲಾರದು; ಗಂಟು ಬೆಳೆದು ಅಲುಗಾಟ ಕಡಮೆಯಾದ ಹಾಗೆಲ್ಲ ಮುಂದಿನ ಹಂತಕ್ಕೆ ದಾರಿಯಾಗುತ್ತದೆ. ಆದುದರಿಂದ ವೈದ್ಯನ ಕೆಲಸ ಮೂರೇ ಮಾತಿನಲ್ಲಿ ಹೇಳಬಹುದಾದದ್ದು: ತುದಿಗಳನ್ನು ಸರಿಯಾಗಿ ಎದುರುಬದುರು ಇಡುವುದು, ಬೇಕಾದಷ್ಟು ಕಾಲ ಹದವಾಗಿ ಹಿಡಿದಿರುವುದು, ರಕ್ತ ಹರಿಯುವ ದಾರಿಯನ್ನು ಕೆಡಿಸದಿರುವುದು. ಉಳಿದುದನ್ನು ದೇಹ ಮಾಡಿಕೊಳ್ಳುತ್ತದೆ.

ಕಟ್ಟು ಮತ್ತು ಬಿಗಿ

ಈ ಮೂರರಲ್ಲಿ ಮೊದಲೆರಡನ್ನು ನಮ್ಮ ಹಿಂದಿನವರು ಚೆನ್ನಾಗಿ ಅರಿತಿದ್ದರು. ಮೂರನೆಯದನ್ನೂ ಅರಿತಿದ್ದರೆಂಬುದಕ್ಕೆ ಸುಶ್ರುತಸಂಹಿತೆಯೇ ಸಾಕ್ಷಿ. ಅದರಲ್ಲಿ ಕೀಲು ತಪ್ಪುವುದರಲ್ಲಿ ೬ ಬಗೆ, ಮೂಳೆ ಮುರಿಯುವುದರಲ್ಲಿ ೧೨ ಬಗೆಗಳನ್ನು ಎಣಿಸಿದೆ. ಹಿಪ್ಪೆ, ಅತ್ತಿ, ಅರಳಿ, ಮುತ್ತುಗ, ಹೊಳೆಮತ್ತಿ ಮುಂತಾದ ಮರಗಳ ತೊಗಟೆಯನ್ನೂ ಬಿದಿರನ್ನೂ ದಬ್ಬೆಯಾಗಿ ಕಟ್ಟಬೇಕೆಂದು ಹೇಳಿದೆ. ತೊಡೆಯೋ ಕಾಲೋ ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಅಲುಗದಂತೆ ಐದು ಗೂಟಗಳಿಂದ ನಿಲ್ಲಿಸುವ ಕಪಾಟಶಯನದ ವಿವರಣೆ ಇದೆ. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಚಿಕ್ಕ ವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಮೂಳೆ ನಡುವಯಸ್ಸಿನಲ್ಲಿ ಎರಡು, ಮುಪ್ಪಿನಲ್ಲಿ ಮೂರು ತಿಂಗಳು ತೆಗೆದುಕೊಳ್ಳುತ್ತದೆಂಬ ಮಾತೂ ಅಲ್ಲಿದೆ. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಕಟ್ಟು ಸಡಿಲವಾದರೆ ಮೂಳೆ ನಿಲ್ಲುವುದಿಲ್ಲ, ಅತಿ ಬಿಗಿಯಾದರೆ ಬಾವು, ನೋವು, ಕೀವು ಉಂಟಾಗುತ್ತವೆ ಎಂಬ ಎಚ್ಚರಿಕೆ. ಇದಕ್ಕಿಂತ ಸ್ಪಷ್ಟವಾಗಿ ಇಂದಿನ ವೈದ್ಯರೂ ಹೇಳಲಾರರು.

ಈ ವಿದ್ಯೆಯ ಎಳೆ ಹಳ್ಳಿಗಳಲ್ಲಿ ಕಟ್ಟುವವರ ಕೈಯಲ್ಲಿ ಉಳಿದು ಬಂದಿದೆ. ಆಂಧ್ರದ ಚಿತ್ತೂರು ಸೀಮೆಯ ಪುತ್ತೂರಿನ ಕಟ್ಟಂತೂ ಎಷ್ಟು ಪ್ರಸಿದ್ಧವೆಂದರೆ, ನಮ್ಮ ರಾಜ್ಯದಲ್ಲಿಯೂ ಹಲವೆಡೆ ಆ ಹೆಸರಿನ ಫಲಕಗಳು ಕಾಣುತ್ತವೆ. (ಇದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ.) ಆಸ್ಪತ್ರೆ ದೂರವಿದ್ದ ಕಾಲದಲ್ಲಿ, ಕೈಯಲ್ಲಿ ಕಾಸಿಲ್ಲದ ಜನಕ್ಕೆ ಕಟ್ಟುವವರೇ ಆಸರೆಯಾಗಿದ್ದರು. ಅವರು ಕಟ್ಟಿದ ಎಷ್ಟೋ ಕೈಗಳು ಇಂದಿಗೂ ಗುದ್ದಲಿ ಹಿಡಿಯುತ್ತಿವೆ. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಬಾಯಿಂದ ಬಾಯಿಗೆ ಬಂದ ವಿದ್ಯೆಯಲ್ಲಿ ಕಟ್ಟುವ ಕ್ರಮ ಉಳಿದು, ಬಿಗಿಯ ಬಗೆಗಿನ ಎಚ್ಚರಿಕೆ ಕೆಲವೆಡೆ ಕಳೆದುಹೋಯಿತು.

ಇದರ ಫಲವನ್ನು ನಾನು ದಿನವೂ ನೋಡುತ್ತಿದ್ದೇನೆ. ನಮ್ಮ ತಂದೆಯವರು ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಎಡಗೈ ಮುಂಗೈಮೂಳೆ ಮುರಿದುಕೊಂಡರು. ಕಟ್ಟುವವರೊಬ್ಬರು ಮೊಟ್ಟೆಯ ಬಿಳಿ, ಸೊಪ್ಪಿನ ರಸ ಹಚ್ಚಿ, ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. ಅಂದು ರಾತ್ರಿ ನೋವು ತಡೆಯಲಾರದೆ ತಂದೆಯವರು ಗೋಡೆಗೆ ತಲೆ ಚಚ್ಚಿಕೊಂಡರು. ಬೆರಳುಗಳು ಮೊದಲು ಊದಿ, ಆಮೇಲೆ ತಣ್ಣಗಾಗಿ, ಜೋಮು ಹಿಡಿದವು. ‘ನೋವು ಬಂದರೇನೆ ಮೂಳೆ ಕೂಡೋದು, ತಡ್ಕೊಳ್ಳಿ ಗೌಡ್ರೆ’ ಎಂದರು ಕಟ್ಟಿದವರು. ಮೂರನೆಯ ದಿನ ನೋವು ತಾನಾಗಿ ನಿಂತಿತು, ಮನೆಯವರೆಲ್ಲ ಸಮಾಧಾನಪಟ್ಟರು. ಕಟ್ಟು ಬಿಚ್ಚಿದಾಗ ಮೂಳೆ ಕೂಡಿತ್ತು. ಬೆರಳುಗಳು ಮಾತ್ರ ಹಕ್ಕಿಯ ಉಗುರಿನಂತೆ ಒಳಕ್ಕೆ ಮಡಚಿ, ಮತ್ತೆ ಬಿಚ್ಚಲಿಲ್ಲ. ಅವರು ಅದನ್ನು ಹಣೆಬರಹವೆಂದುಕೊಂಡಿದ್ದಾರೆ.

ಅದಕ್ಕೊಂದು ಹೆಸರಿದೆ ಎಂಬುದು ನನಗೆ ತಿಳಿದದ್ದು ಕಾಲೇಜಿನ ಪುಸ್ತಕಭಂಡಾರದಲ್ಲಿ. ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮನ್ ಎಂಬ ಶಸ್ತ್ರವೈದ್ಯ ೧೮೮೧ರಲ್ಲಿಯೇ ಇದನ್ನು ವಿವರಿಸಿದ್ದನು. ಮುರಿದ ಜಾಗ ಊದಿಕೊಳ್ಳುತ್ತದೆ. ಹೊರಗಿನ ಕಟ್ಟು ಊದಲು ಎಡೆಗೊಡುವುದಿಲ್ಲ. ಒಳಗಿನ ಒತ್ತಡ ಏರುತ್ತದೆ. ಸಣ್ಣ ರಕ್ತನಾಳಗಳು ಅಮುಕಿ ಮಾಂಸಖಂಡಕ್ಕೆ ರಕ್ತ ಸಿಗದಾಗುತ್ತದೆ. ಸುಮಾರು ಆರು ಗಂಟೆ ಹೀಗೆಯೇ ಇದ್ದರೆ ಮಾಂಸಖಂಡ ಸಾಯತೊಡಗುತ್ತದೆ. ಸತ್ತ ಮಾಂಸ ಆಮೇಲೆ ನಾರಾಗಿ ಸುಕ್ಕಿ, ಬೆರಳುಗಳನ್ನು ಒಳಕ್ಕೆ ಎಳೆಯುತ್ತದೆ. ನೋವು ನಿಂತದ್ದು ಗುಣವಾದುದರಿಂದಲ್ಲ, ನರಗಳೂ ಸೋತುದರಿಂದ. ಬಿಗಿಯಾದ ಕಟ್ಟು ನಾಟಿ ವೈದ್ಯರದೇ ಆಗಬೇಕೆಂದಿಲ್ಲ. ಸುತ್ತಲೂ ಹಾಕಿದ ಪ್ಲಾಸ್ಟರಿನಿಂದಲೂ ಇದೇ ಅನಾಹುತವಾಗಬಲ್ಲುದು. ಆದುದರಿಂದಲೇ ತಿಳಿದ ವೈದ್ಯರು ಊತವಿರುವಾಗ ಪೂರ್ಣ ಸುತ್ತು ಹಾಕದೆ, ಒಂದು ಮಗ್ಗುಲಿಗೆ ಮಾತ್ರ ಪ್ಲಾಸ್ಟರಿನ ಹಲಗೆ ಇಟ್ಟು ಕಟ್ಟುತ್ತಾರೆ. ಕಟ್ಟಿದ ಮೇಲೆ ನೋವು ಇಳಿಯಬೇಕು. ಏರುತ್ತ ಹೋದರೆ, ಬೆರಳನ್ನು ಮೆಲ್ಲನೆ ನೇರ ಮಾಡಿದಾಗ ಪ್ರಾಣ ಹೋದಂತಾದರೆ, ಜೋಮು ಹಿಡಿದರೆ, ಬೆಳಗಾಗುವವರೆಗೆ ಕಾಯಬಾರದು. ಕಟ್ಟನ್ನು ಆಗಲೇ ಸಡಿಲಿಸಿ ಆಸ್ಪತ್ರೆಗೆ ಹೋಗಬೇಕು. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದೊಂದನ್ನೇ ಇಡಿರೆಂದು ಬೇಡುತ್ತೇನೆ.

ಕಟ್ಟುವವರ ಮನೆಯಿಂದ ಬಂದ ವೈದ್ಯ

ಪಶ್ಚಿಮ ದೇಶಗಳಲ್ಲಿಯೂ ಮೂಳೆ ಕಟ್ಟುವ ಮನೆತನಗಳಿದ್ದವು. ವೇಲ್ಸ್ ನಾಡಿನ ಆಂಗಲ್ಸೀ ದ್ವೀಪದ ಅಂಥದೊಂದು ಮನೆತನದ ಇವಾನ್ ಥಾಮಸ್ ಎಂಬಾತ ಲಿವರ್‌ಪೂಲಿಗೆ ಬಂದು ಕಟ್ಟುವ ಕೆಲಸದಲ್ಲಿ ಹೆಸರಾದನು. ಓದಿದ ವೈದ್ಯರು ಅವನನ್ನು ಕೋರ್ಟಿಗೆ ಎಳೆದರು. ಅವನು ತನ್ನ ಮಕ್ಕಳನ್ನು ವೈದ್ಯಶಾಲೆಗೆ ಸೇರಿಸಿದನು. ಅವರಲ್ಲಿ ಒಬ್ಬನಾದ ಹ್ಯೂ ಓವನ್ ಥಾಮಸ್ (೧೮೩೪–೧೮೯೧) ತಂದೆಯ ಕೈಚಳಕವನ್ನೂ ಶಾಲೆಯ ಶಾಸ್ತ್ರವನ್ನೂ ಕೂಡಿಸಿ, ಕಬ್ಬಿಣದ ಸಲಾಕೆಯಿಂದ ಒಂದು ಆಸರೆಕಟ್ಟನ್ನು ಮಾಡಿದನು. ಥಾಮಸ್ ಸ್ಪ್ಲಿಂಟ್ ಎಂದು ಅದಕ್ಕೆ ಹೆಸರು. ಬದುಕಿದ್ದಾಗ ಅವನನ್ನು ಹೆಚ್ಚು ಜನ ಕೇಳಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಅವನ ಹೆಂಡತಿಯ ಸಂಬಂಧಿಯೂ ಶಿಷ್ಯನೂ ಆದ ರಾಬರ್ಟ್ ಜೋನ್ಸ್ ಅದನ್ನು ರಣರಂಗಕ್ಕೆ ಒಯ್ದನು. ಗುಂಡೇಟಿನಿಂದ ತೊಡೆಮೂಳೆ ಮುರಿದ ಸೈನಿಕರಲ್ಲಿ ನೂರಕ್ಕೆ ಎಂಬತ್ತರಷ್ಟಿದ್ದ ಸಾವು ನೂರಕ್ಕೆ ಇಪ್ಪತ್ತರ ಆಸುಪಾಸಿಗೆ ಇಳಿಯಿತೆಂದು ಆ ಕಾಲದ ವೈದ್ಯರು ಹೇಳಿದ್ದಾರೆ. ಔಷಧಿಯಿಂದಲ್ಲ, ಬರಿಯ ಅಲುಗದಂತೆ ಹಿಡಿದುದರಿಂದ.

ಅತ್ತ ಡಚ್ ಸೇನೆಯ ವೈದ್ಯ ಮ್ಯಾಥೈಸನ್ ೧೮೫೨ರಲ್ಲಿ ಪ್ಲಾಸ್ಟರ್ ಪುಡಿ ಸವರಿದ ಬಟ್ಟೆಯ ಪಟ್ಟಿಯನ್ನು ಬಳಕೆಗೆ ತಂದಿದ್ದನು. ನಮ್ಮೂರಿನವರು ‘ಸಿಮೆಂಟ್ ಕಟ್ಟು’ ಎನ್ನುವುದು ಇದನ್ನೇ. ೧೮೯೫ರಲ್ಲಿ ರಂಟ್ಗೆನ್ ಕ್ಷಕಿರಣವನ್ನು ಕಂಡುಹಿಡಿದ ಮೇಲೆ ಮುರಿದ ತುದಿಗಳು ಎದುರುಬದುರು ಇವೆಯೇ ಇಲ್ಲವೇ ಎಂಬುದು ಊಹೆಯ ಮಾತಾಗಿ ಉಳಿಯಲಿಲ್ಲ. ಆದರೆ ತಿಂಗಳುಗಟ್ಟಲೆ ಕಟ್ಟಿನಲ್ಲಿಟ್ಟರೆ ಮೂಳೆ ಕೂಡಿದರೂ ಕೀಲು ಬಿಗಿದು, ಮಾಂಸ ಸೊರಗುತ್ತದೆ. ಇದಕ್ಕೆ ಪರಿಹಾರವಾಗಿ ಜರ್ಮನಿಯ ಕುಂಚರ್ ೧೯೩೯ರಲ್ಲಿ ತೊಡೆಮೂಳೆಯ ಟೊಳ್ಳಿನೊಳಗೆ ಉಕ್ಕಿನ ಕಡ್ಡಿಯನ್ನು ಇಳಿಸಿದನು. ೧೯೫೮ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ಊರಿನಲ್ಲಿ ಕೂಡಿದ ಶಸ್ತ್ರವೈದ್ಯರ ತಂಡವೊಂದು ಎ.ಓ. ಎಂಬ ಹೆಸರಿನಿಂದ ಪ್ಲೇಟು, ಸ್ಕ್ರೂಗಳ ವಿಧಾನವನ್ನು ಶಾಸ್ತ್ರಬದ್ಧಗೊಳಿಸಿತು. ಮೂಳೆಯನ್ನು ಒಳಗಿನಿಂದ ಭದ್ರವಾಗಿ ಹಿಡಿದರೆ ಕೀಲನ್ನು ಬೇಗ ಆಡಿಸಬಹುದು ಎಂಬುದು ಇದರ ತಿರುಳು. ‘ರಾಡ್ ಹಾಕಿದರು’ ಎಂದು ನಮ್ಮಲ್ಲಿ ಹೇಳುವಾಗ ರಾಡೇ ಮೂಳೆಯನ್ನು ಕೂಡಿಸಿತೆಂಬ ಭಾವನೆ ಇರುತ್ತದೆ. ರಾಡ್ ಮಾಡುವುದು ಬಿದಿರ ದಬ್ಬೆಯ ಕೆಲಸವನ್ನೇ. ಒಳಗಿದ್ದು ಇನ್ನಷ್ಟು ಚೆನ್ನಾಗಿ ಮಾಡುತ್ತದೆ, ಅಷ್ಟೆ. ಮೂಳೆ ಕೂಡದೆ ಹೋದರೆ ಎಂಥ ಉಕ್ಕೂ ಕೊನೆಗೊಂದು ದಿನ ದಣಿದು ಮುರಿಯುತ್ತದೆ.

ಡಾ. ಉಡುಪರ ಸಂಶೋಧನೆ

ಹಿಡಿದಿಡುವ ವಿದ್ಯೆ ಹೀಗೆ ಬೆಳೆಯಿತು. ಕೂಡುವ ಕೆಲಸವನ್ನೇ ಬೇಗ ಮಾಡಿಸಲು ಸಾಧ್ಯವೆ? ಈ ಪ್ರಶ್ನೆಯನ್ನು ಹಿಡಿದವರಲ್ಲಿ ಪ್ರಮುಖರು ಡಾ. ಕಟೀಲು ನರಸಿಂಹ ಉಡುಪರು (೧೯೨೦–೧೯೯೨). ಕರಾವಳಿಯ ಕಟೀಲನ್ನು ತಮ್ಮ ಹೆಸರಿನಲ್ಲಿಯೇ ಹೊತ್ತ ಅವರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಆಯುರ್ವೇದ ಕಲಿತು, ಅನಂತರ ಅಮೆರಿಕೆಯಲ್ಲಿ ಆಧುನಿಕ ಶಸ್ತ್ರವೈದ್ಯವನ್ನು ಅಭ್ಯಾಸ ಮಾಡಿದರು. ೧೯೫೫ರಲ್ಲಿ ಡಾ. ಡನ್‌ಫಿ ಎಂಬವರೊಡನೆ ಗಾಯ ಮಾಯುವಾಗ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಕುರಿತು ಅವರು ಬರೆದ ಪ್ರಬಂಧ ಅಮೆರಿಕೆಯ ಹೆಸರಾಂತ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ೧೯೫೮ರಲ್ಲಿ ಆಯುರ್ವೇದದ ಸ್ಥಿತಿಗತಿಗಳನ್ನು ವಿಚಾರಿಸಲು ಕೇಂದ್ರ ಸರ್ಕಾರ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಮುಂದೆ ಕಾಶಿಯ ವೈದ್ಯವಿಜ್ಞಾನ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರೂ ಅವರೇ.

ಉಡುಪರು ಎತ್ತಿಕೊಂಡದ್ದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿರುವ ಒಂದು ಬಳ್ಳಿಯನ್ನು. ಬಯಲುಸೀಮೆಯ ಬೇಲಿಗಳ ಮೇಲೆ ಹಬ್ಬುವ, ನಾಲ್ಕು ಮೂಲೆಯ ಕಾಂಡದ, ಗಿಣ್ಣುಗಿಣ್ಣಾದ ಮಂಗರಬಳ್ಳಿ. ಸಂದುಬಳ್ಳಿ ಎಂದೂ ಕರೆಯುತ್ತಾರೆ. ಹಸಿಯಾಗಿ ತಿಂದರೆ ಗಂಟಲು ಕೆರೆಯುತ್ತದೆಂದು ಹುಣಿಸೆಹಣ್ಣು ಹಾಕಿ ಚಟ್ನಿ ಮಾಡುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಅಸ್ಥಿಶೃಂಖಲಾ, ಅಸ್ಥಿಸಂಹಾರ ಎಂದು ಹೆಸರು. ಇಲ್ಲಿ ಸಂಹಾರವೆಂದರೆ ನಾಶವಲ್ಲ, ಒಂದುಗೂಡಿಸುವುದು; ಭಾಷೆಯನ್ನು ಓದುವ ನಮಗೆ ಇದೊಂದು ಸ್ವಾರಸ್ಯದ ಶಬ್ದ. ಮುರಿದ ಮೂಳೆಗೆ ಈ ಬಳ್ಳಿ ಒಳ್ಳೆಯದೆಂಬ ನಂಬಿಕೆ ನಾಡಿನ ಉದ್ದಗಲಕ್ಕೂ ಇತ್ತು. ಓದಿದವರು ಅದನ್ನು ನಕ್ಕು ಬಿಡುತ್ತಿದ್ದರು. ಓದದವರು ಕಣ್ಣುಮುಚ್ಚಿ ನಂಬುತ್ತಿದ್ದರು. ಉಡುಪರು ಎರಡನ್ನೂ ಮಾಡಲಿಲ್ಲ. ಅವರು ಪರೀಕ್ಷಿಸಿ ನೋಡಿದರು.

೧೯೬೧ರಲ್ಲಿ ಅರ್ಣೀಕರ್ ಮತ್ತು ಸಿಂಗ್ ಅವರೊಡನೆ, ಮುಂದೆ ಜಿ. ಸಿ. ಪ್ರಸಾದರೊಡನೆ ಅವರು ಪ್ರಬಂಧಗಳನ್ನು ಪ್ರಕಟಿಸಿದರು. ಇಂಥ ಪರೀಕ್ಷೆಯ ಕ್ರಮ ಸರಳವಾದದ್ದು. ಮೂಳೆ ಮುರಿದ ಪ್ರಾಣಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬಳ್ಳಿಯ ಸತ್ವವನ್ನು ಕೊಟ್ಟು ಇನ್ನೊಂದಕ್ಕೆ ಕೊಡದೆ, ಉಳಿದೆಲ್ಲವನ್ನೂ ಒಂದೇ ಸಮನಾಗಿ ಇಟ್ಟು, ಗೊತ್ತಾದ ದಿನಗಳಲ್ಲಿ ಕೂಡಿದ ಮೂಳೆಯನ್ನು ಹೋಲಿಸುವುದು. ಉಡುಪರು ಮೂಳೆಯ ಬಲವನ್ನು ಅಳೆದರು. ವಿಕಿರಣ ಸೂಸುವ ಕ್ಯಾಲ್ಸಿಯಂ ೪೫ ಎಂಬ ವಸ್ತುವನ್ನು ಬಳಸಿ ಸುಣ್ಣದ ಅಂಶ ಹೊಸ ಮೂಳೆಗೆ ಎಷ್ಟು ಸೇರಿತೆಂದು ಲೆಕ್ಕ ಹಾಕಿದರು. ಮೂಳೆ ಕೂಡುವುದನ್ನು ನಿಧಾನಗೊಳಿಸುವ ಕಾರ್ಟಿಸೋನ್ ಕೊಟ್ಟ ಪ್ರಾಣಿಗಳಲ್ಲಿಯೂ ಬಳ್ಳಿಯ ಪ್ರಭಾವವನ್ನು ನೋಡಿದರು. ಸತ್ವ ಪಡೆದವುಗಳಲ್ಲಿ ನಾರೂ ಸುಣ್ಣವೂ ಬೇಗ ಬಂದು ಸೇರಿದುವೆಂಬುದು ಅವರ ನಿರ್ಣಯ. ೧೯೬೩ರಲ್ಲಿ ಇಲಿಗಳ ಮೂಳೆ ಕೂಡುವಾಗ ಯಾವ ರಾಸಾಯನಿಕ ಅಂಶ ಯಾವ ಕ್ರಮದಲ್ಲಿ ಬರುತ್ತದೆಂಬುದನ್ನು ಕುರಿತ ಅವರ ಪ್ರಬಂಧವನ್ನು ಬ್ರಿಟನ್ನಿನ ಮೂಳೆವೈದ್ಯರ ಪತ್ರಿಕೆ ಪ್ರಕಟಿಸಿತು.

ಇಷ್ಟರಿಂದ ಮಂಗರಬಳ್ಳಿ ಆಸ್ಪತ್ರೆಗೆ ಬದಲಾಗಲಾರದು. ಇಲಿಯ ಮೂಳೆ ಮನುಷ್ಯನ ಮೂಳೆಯಲ್ಲ. ಪ್ರಯೋಗಶಾಲೆಯ ಸತ್ವ ಅಡುಗೆಮನೆಯ ಚಟ್ನಿಯಲ್ಲ. ಮನುಷ್ಯರ ಮೇಲೆಯೂ ಸಣ್ಣಪುಟ್ಟ ಪರೀಕ್ಷೆಗಳು ನಡೆದಿವೆ. ಆದರೆ ಮೂಳೆವೈದ್ಯರ ರೂಢಿಯ ಚಿಕಿತ್ಸೆಯಲ್ಲಿ ಈ ಬಳ್ಳಿ ಇನ್ನೂ ಸ್ಥಾನ ಪಡೆದಿಲ್ಲ. ಬಾಗಿದ ಮೂಳೆಯನ್ನು ಯಾವ ಬಳ್ಳಿಯೂ ನೇರ ಮಾಡಲಾರದು. ಉಡುಪರು ನಮಗೆ ಬಿಟ್ಟುಹೋದ ದೊಡ್ಡ ವಸ್ತು ಬಳ್ಳಿಗಿಂತ ಹೆಚ್ಚಾಗಿ ಆ ವಿಧಾನ: ಅಜ್ಜಿಯ ಮಾತನ್ನು ತಳ್ಳಿಹಾಕದೆ, ಅಜ್ಜಿಯ ಮಾತೆಂದೇ ಒಪ್ಪಿಯೂ ಬಿಡದೆ, ಎರಡು ಗುಂಪು ಮಾಡಿ ನೋಡುವುದು.

ಇಂದಿನ ಪರೀಕ್ಷೆಗಳು

ಇದೇ ವಿಧಾನವನ್ನು ಇಂದು ದೇಶದೇಶಗಳ ಮೂಳೆವೈದ್ಯರು ಸಾವಿರಾರು ರೋಗಿಗಳ ಒಪ್ಪಿಗೆ ಪಡೆದು ನಡೆಸುತ್ತಿದ್ದಾರೆ. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಣಯಿಸುತ್ತಾರೆ. ಹೀಗಾಗಿ ವೈದ್ಯನ ಇಷ್ಟಾನಿಷ್ಟ ಫಲವನ್ನು ಕೆಡಿಸುವುದಿಲ್ಲ. ಎರಡು ಉದಾಹರಣೆಗಳು ಸಾಕು.

ಚರ್ಮ ಹರಿದು ಮೂಳೆ ಹೊರಗೆ ಕಂಡ ಮುರಿತ ಒಂದು ಕಾಲದಲ್ಲಿ ಮರಣದ ಸೂಚನೆಯಾಗಿತ್ತು. ಕಾಲು ಕತ್ತರಿಸುವುದೇ ಚಿಕಿತ್ಸೆ. ೧೮೬೫ರಲ್ಲಿ ಗ್ಲಾಸ್ಗೋ ನಗರದಲ್ಲಿ ಗಾಡಿಯ ಚಕ್ರ ಹರಿದು ಕಾಲು ಮುರಿದ ೧೧ ವರ್ಷದ ಹುಡುಗನ ಗಾಯಕ್ಕೆ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಬಟ್ಟೆ ಕಟ್ಟಿ, ಕೀವಾಗದಂತೆ ಕಾಲನ್ನು ಉಳಿಸಿದನು. ಇಂಥ ಗಾಯಗಳನ್ನು ತೊಳೆಯುವುದು ಅಂದಿನಿಂದ ಮುಖ್ಯ ಕರ್ತವ್ಯವಾಯಿತು. ಯಾವುದರಿಂದ ತೊಳೆಯಬೇಕು? ಸಾಬೂನಿನ ನೀರೋ ಉಪ್ಪುನೀರೋ? ಯಂತ್ರದ ರಭಸದಿಂದಲೋ ಮೆಲ್ಲಗೋ? ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯ ಮೋಹಿತ್ ಭಂಡಾರಿ ಮತ್ತು ಸಂಗಡಿಗರು ಭಾರತವೂ ಸೇರಿ ಐದು ದೇಶಗಳ ೪೧ ಕೇಂದ್ರಗಳಲ್ಲಿ ೨,೪೪೭ ರೋಗಿಗಳನ್ನು ಗಮನಿಸಿ ೨೦೧೫ರಲ್ಲಿ ಫಲವನ್ನು ಪ್ರಕಟಿಸಿದರು. ಸಾಬೂನಿನಿಂದ ತೊಳೆದವರಲ್ಲಿ ನೂರಕ್ಕೆ ೧೪.೮ ಮಂದಿಗೆ ಒಂದು ವರ್ಷದೊಳಗೆ ಮತ್ತೆ ಶಸ್ತ್ರಕ್ರಿಯೆ ಬೇಕಾಯಿತು, ಉಪ್ಪುನೀರಿನವರಲ್ಲಿ ೧೧.೬ ಮಂದಿಗೆ. ರಭಸದಿಂದ ಏನೂ ವ್ಯತ್ಯಾಸವಾಗಲಿಲ್ಲ. ಎಂದರೆ, ದುಬಾರಿ ಯಂತ್ರವಿಲ್ಲದ ಸಣ್ಣ ಆಸ್ಪತ್ರೆಯಲ್ಲಿ ಎತ್ತರಕ್ಕೆ ತೂಗುಹಾಕಿದ ಉಪ್ಪುನೀರಿನ ಬಾಟಲಿಯಿಂದ ತೊಳೆದರೂ ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ. ಬಡದೇಶಗಳಿಗೆ ಇದು ಎಷ್ಟು ದೊಡ್ಡ ಸಮಾಧಾನ!

ಎರಡನೆಯದು ಮುದುಕರ ಸೊಂಟದ ಮೂಳೆಯ ವಿಷಯ. ಮುಪ್ಪಿನಲ್ಲಿ ಮೂಳೆ ಟೊಳ್ಳಾಗಿ, ಬಚ್ಚಲಲ್ಲಿ ಜಾರಿದರೂ ತೊಡೆಯ ಮೇಲ್ತುದಿ ಮುರಿಯುತ್ತದೆ. ‘ವಯಸ್ಸಾಯಿತು, ಆಪರೇಷನ್ ತಡೆಯಲಾರರು, ಮನೆಯಲ್ಲೇ ಮಲಗಿರಲಿ’ ಎನ್ನುವುದು ನಮ್ಮ ಕಡೆಯ ಮಾತು. ಮಲಗಿದವರು ಬೆನ್ನು ಹುಣ್ಣಾಗಿ, ಕಫ ಕಟ್ಟಿ, ಹಲವರು ಕೆಲವೇ ತಿಂಗಳಲ್ಲಿ ತೀರಿಕೊಳ್ಳುತ್ತಾರೆ. ೧೭ ದೇಶಗಳ ೬೯ ಆಸ್ಪತ್ರೆಗಳಲ್ಲಿ ೨,೯೭೦ ರೋಗಿಗಳ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮುರಿತ ಗೊತ್ತಾದ ಸುಮಾರು ೬ ಗಂಟೆಯೊಳಗೆ ಶಸ್ತ್ರಕ್ರಿಯೆ ಮಾಡುವುದನ್ನೂ ಸುಮಾರು ೨೪ ಗಂಟೆಗೆ ಮಾಡುವುದನ್ನೂ ಹೋಲಿಸಿದರು. ಮೂರು ತಿಂಗಳಲ್ಲಿ ಸತ್ತವರು ನೂರಕ್ಕೆ ೯ ಮತ್ತು ೧೦. ಇದು ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಆದರೆ ಬೇಗ ಮಾಡಿಸಿಕೊಂಡವರಲ್ಲಿ ಮತಿ ಕಲಕುವುದು ಕಡಮೆಯಾಯಿತು. ಅವರು ಬೇಗ ಎದ್ದು ಮನೆಗೆ ಹೋದರು. ಅಲ್ಲಿ ಚರ್ಚೆ ಆರು ಗಂಟೆಯೋ ಇಪ್ಪತ್ತನಾಲ್ಕು ಗಂಟೆಯೋ ಎಂಬುದು. ನಮ್ಮಲ್ಲಿ ಚರ್ಚೆ ಕರೆದುಕೊಂಡು ಹೋಗಬೇಕೋ ಬೇಡವೋ ಎಂಬುದು.

ನಾವು ಮಾಡಬಹುದಾದದ್ದು

ಬಿದ್ದವರನ್ನು ಕಂಡಾಗ ಮಾಡಬೇಕಾದ ಕೆಲಸಗಳು ಕಷ್ಟದವಲ್ಲ. ಮುರಿದ ಅಂಗವನ್ನು ಎಳೆಯಬಾರದು, ಎಣ್ಣೆ ಹಚ್ಚಿ ನೀವಬಾರದು. ಬಳೆ, ಉಂಗುರಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಬಿದಿರ ದಬ್ಬೆಯನ್ನೋ ಮಡಚಿದ ಪತ್ರಿಕೆಯನ್ನೋ ಇಟ್ಟು, ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗದಂತೆ, ಆದರೆ ಬೆರಳು ಕಾಣುವಂತೆ, ಸಡಿಲವಾಗಿ ಕಟ್ಟಬೇಕು. ಮೂಳೆ ಹೊರಬಂದಿದ್ದರೆ ಒಳಕ್ಕೆ ತಳ್ಳದೆ ಶುಭ್ರವಾದ ಬಟ್ಟೆ ಮುಚ್ಚಬೇಕು. ಕಾಫಿಪುಡಿ, ಅರಿಸಿನ ತುಂಬಬಾರದು. ಮರದಿಂದ ಬಿದ್ದವರ ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಅವರನ್ನು ಕೈಕಾಲು ಹಿಡಿದು ಹೊತ್ತೊಯ್ಯದೆ ಹಲಗೆಯ ಮೇಲೆ ನೇರವಾಗಿ ಮಲಗಿಸಿ ಸಾಗಿಸಬೇಕು. ೨೦೦೮ರಿಂದ ನಮ್ಮ ರಾಜ್ಯದಲ್ಲಿ ೧೦೮ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುವ ಏರ್ಪಾಡಿದೆ. ಹಾಸನದಲ್ಲಿ ೨೦೦೬ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಕಟ್ಟಿನಲ್ಲಿರುವಷ್ಟು ಕಾಲ ಬೀಡಿ ಸಿಗರೇಟನ್ನು ದೂರವಿಡಬೇಕು. ತಂಬಾಕಿನ ಹೊಗೆ ಮೂಳೆ ಕೂಡುವುದನ್ನು ತಡಮಾಡುತ್ತದೆಂಬುದು ಸಿದ್ಧವಾದ ಸಂಗತಿ. ಬೇಳೆ, ಹಾಲು, ಮೊಟ್ಟೆ, ರಾಗಿ ಇವು ಮೂಳೆಗೆ ಬೇಕಾದ ವಸ್ತುವನ್ನು ಒದಗಿಸುತ್ತವೆ.

ಕಟ್ಟುವವರನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ನೆಚ್ಚಿದ ಜನ ಅವರ ಬಳಿಗೆ ಹೋಗಿಯೇ ಹೋಗುತ್ತಾರೆ. ಕ್ಷಕಿರಣದ ಚಿತ್ರ ತೆಗೆಸದೆ ಕಟ್ಟಬಾರದು, ಬೆರಳು ಜೋಮು ಹಿಡಿದರೆ ಬಿಚ್ಚಬೇಕು, ಚರ್ಮ ಹರಿದ ಮುರಿತವನ್ನು ಮುಟ್ಟದೆ ಆಸ್ಪತ್ರೆಗೆ ಕಳುಹಿಸಬೇಕು ಎಂಬ ಮೂರು ನಿಯಮಗಳನ್ನು ಅವರಿಗೆ ಮನವರಿಕೆ ಮಾಡಿಕೊಟ್ಟರೆ ಎಷ್ಟೋ ಕೈಗಳು ಉಳಿದಾವು. ಇವಾನ್ ಥಾಮಸ್ಸನ ಮನೆಯಿಂದ ಹ್ಯೂ ಓವನ್ ಥಾಮಸ್ ಬಂದಂತೆ, ನಮ್ಮ ಕಟ್ಟುವವರ ಮಕ್ಕಳೂ ವೈದ್ಯಶಾಲೆಗೆ ಹೋಗುವ ಕಾಲ ಬರಬಾರದೇಕೆ?

ನಮ್ಮಲ್ಲಿ ಹಲವರು ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಊರಿನಲ್ಲಿ ಯಾರಾದರೂ ಬಿದ್ದರೆ, ಆಸ್ಪತ್ರೆಯ ಚೀಟಿ ಓದಲು, ಸಹಿ ಹಾಕುವ ಕಾಗದದಲ್ಲಿ ಏನಿದೆಯೆಂದು ಹೇಳಲು ನಮ್ಮನ್ನೇ ಕರೆಯುತ್ತಾರೆ. ಆಗ ನಾವು ಚೀಟಿಯನ್ನು ಓದಿ ಹೇಳಿ ಸುಮ್ಮನಾಗದೆ, ಕಟ್ಟಿದವರು ಯಾರೇ ಆಗಿರಲಿ, ಮೂಳೆಯ ತುದಿಗಳು ಸರಿಯಾಗಿ ಕೂತಿವೆಯೆ ಎಂದು ಕೇಳಬೇಕು. ಎಷ್ಟು ವಾರ ಅಲುಗಿಸಬಾರದು, ಯಾವಾಗಿನಿಂದ ಆಡಿಸಬೇಕು ಎಂದು ಕೇಳಿ ಬರೆದುಕೊಳ್ಳಬೇಕು. ಮನೆಗೆ ಬಂದ ಆ ಮೊದಲ ರಾತ್ರಿ ಮಲಗುವ ಮುನ್ನ ದೀಪ ಹಿಡಿದು, ಕಟ್ಟಿನಿಂದ ಹೊರಗೆ ಕಾಣುವ ಬೆರಳುಗಳನ್ನು ಮುಟ್ಟಿ, ಬೆಚ್ಚಗಿವೆಯೇ ಎಂದು ನೋಡಬೇಕು.